ಮೂಲೆಯಿಂದ ಮೂಲೆಗೆ ಒಂದು ಕಾಲುದಾರಿ

ತ್ರಿಭುಜದ ಯಾವ ಎರಡು ಬಾಹುಗಳನ್ನು ಕೂಡಿಸಿದರೂ ಮೂರನೆಯದಕ್ಕಿಂತ ಹೆಚ್ಚಾಗುತ್ತದೆ ಎಂಬುದನ್ನು ನಾನು ಶಿಡ್ಲಘಟ್ಟದ ಮಕ್ಕಳಿಗೆ ಬೆತ್ತ ಹಿಡಿದು ಹದಿನಾರು ವರ್ಷ ಕಲಿಸಿದ್ದೇನೆ. ಅದೇ ಮಾತನ್ನು ಸುಳ್ಳು ಮಾಡಲು ಒಮ್ಮೆ ಎರಡು ಗಾಡಿ ಜಾಲಿಮುಳ್ಳು ತರಿಸಿದ್ದೆ. ಇದನ್ನು ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಮುಂದೆ ಬಿಡುತ್ತೇನೆ, ನೀವು ನನ್ನ ಶಿಷ್ಯರ ಕಿವಿಗೆ ಹಾಕಬೇಡಿ.

ಮೈಲಿಗಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಡುತ್ತಿದ್ದ ಕಾಲ ಅದು. ಮೇಲೂರಿನ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಾನು ಒಂದೂವರೆ ಎಕರೆ ಹೊಲ ಕೊಂಡೆ. ಸಂಬಳದವನಿಗೆ ನೆಲ ಸಿಕ್ಕಿದರೆ ಅವನ ನಡಿಗೆಯೇ ಬೇರೆಯಾಗುತ್ತದೆ. ಭಾನುವಾರ ಸೈಕಲ್ ತುಳಿದುಕೊಂಡು ಹೋಗಿ, ರಸ್ತೆ ಪಕ್ಕದ ಹಿಪ್ಪುನೇರಳೆ ತೋಟದ ಹೊಂಗೆ ಮರಕ್ಕೆ ಅದನ್ನು ಒರಗಿಸಿ, ತೋಟದ ಬದುವಿನ ಮೇಲೆ ನಡೆದು, ನನ್ನ ಹೊಲದ ನಟ್ಟನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು ನಾಲ್ಕೂ ದಿಕ್ಕು ನೋಡುತ್ತಿದ್ದೆ. ಇದರಿಂದ ರಾಗಿಗೇನೂ ಉಪಯೋಗವಿರಲಿಲ್ಲ. ನನಗೆ ಮಾತ್ರ ಒಂದು ವಾರಕ್ಕಾಗುವಷ್ಟು ಸಮಾಧಾನ ಸಿಗುತ್ತಿತ್ತು.

ಆ ಸಮಾಧಾನವನ್ನು ಕೆಡಿಸುತ್ತಿದ್ದದ್ದು ಒಂದು ಕಾಲುದಾರಿ. ತೋಟದ ಕಡೆಯ ಮೂಲೆಯಿಂದ ಆಚೆಗಿದ್ದ ಹಳ್ಳಿಯ ಹಿತ್ತಿಲ ಕಡೆಯ ಮೂಲೆಗೆ, ಅಡಿಕೋಲಿಟ್ಟು ಗೆರೆ ಎಳೆದ ಹಾಗೆ ಅದು ನನ್ನ ಹೊಲವನ್ನು ಸೀಳಿತ್ತು. ಬಸ್ಸಿಗೆ ಹೋಗುವವರು, ಸಂತೆಯಿಂದ ಬರುವವರು, ಮುನಿಸಿಕೊಂಡು ತವರಿಗೆ ಹೊರಟವರು, ಅವರನ್ನು ಸಮಾಧಾನ ಮಾಡಿ ವಾಪಸು ಕರೆತರುವವರು, ಎಲ್ಲರೂ ನನ್ನ ರಾಗಿಯ ಮೇಲೆಯೇ. ದಾರಿಯನ್ನೂ ಸೇರಿಸಿ ಉಳುಮೆ ಮಾಡಿಸಿ ಬಿತ್ತಿಸಿದೆ. ಎಂಟು ದಿನ ಬಿಟ್ಟು ಬಂದು ನೋಡುತ್ತೇನೆ, ರಾಗಿಗಿಂತ ಮೊದಲು ದಾರಿ ಮೊಳೆತಿದೆ! ಅದೂ ಅದೇ ಜಾಗದಲ್ಲಿ, ಒಂದು ಗೇಣು ಅತ್ತಿತ್ತ ಸರಿಯದೆ. ಅಂಚಿನ ಬದುವಿನ ಮೇಲೆ ಸುತ್ತಿ ಹೋಗಿ ಎಂದು ಕೈಮುಗಿದು ಕೇಳಿದೆ. ಎಲ್ಲರೂ "ಆಗ್ಲಿ ಮೇಷ್ಟ್ರೇ" ಎಂದರು, ಎಂದವರೇ ಮೂಲೆಯಿಂದ ಮೂಲೆಗೆ ನಡೆದು ಹೋದರು. ನನ್ನ ತರಗತಿಯಲ್ಲಿ ಮೂರು ಸಲ ಫೇಲಾದವನೂ ಹೊಲದಲ್ಲಿ ಆ ಪ್ರಮೇಯವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ.

ಚಿಕ್ಕಬಳ್ಳಾಪುರದಲ್ಲಿ ವಕೀಲಿ ಮಾಡುತ್ತಿದ್ದ ಗೆಳೆಯನನ್ನು ಕೇಳಿದೆ. ಜನ ಬಹುಕಾಲ ಅಡ್ಡಿಯಿಲ್ಲದೆ ನಡೆದ ದಾರಿಯ ಮೇಲೆ ಅವರಿಗೆ ಹಕ್ಕು ಹುಟ್ಟುತ್ತದೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಇದೇ ಶಾಲೆಯಲ್ಲಿ ಒಂದೇ ಕುರ್ಚಿಯ ಮೇಲೆ ಹತ್ತು ವರ್ಷ ಅಡ್ಡಿಯಿಲ್ಲದೆ ಕೂತಿದ್ದೇನೆ, ಇನ್‌ಸ್ಪೆಕ್ಟರು ಬಂದ ದಿನ ಆ ಕುರ್ಚಿಯೂ ನನ್ನದಲ್ಲ. ಕಾಲಿಗಿರುವ ಹಕ್ಕು ಕೂತುಕೊಳ್ಳುವ ಅಂಗಕ್ಕೆ ಯಾಕಿಲ್ಲ? ಗೆಳೆಯ ನಕ್ಕು, "ಊರ ನಕ್ಷೆ ನೋಡಿಸು, ಅದರಲ್ಲಿ ದಾರಿ ಇಲ್ಲದಿದ್ದರೆ ನಿನ್ನ ಮಾತಿಗೂ ಬಲ ಬರ್ತದೆ" ಎಂದ. ನಾನು ನಕ್ಷೆ ಬರುವತನಕವೂ ಕಾಯಲಿಲ್ಲ. ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿಸಿ, ತೋಟದ ಕಡೆ ನನಗೆ ಮಾತ್ರ ಒಂದು ಕಿಂಡಿ ಬಿಟ್ಟುಕೊಂಡು, ಅದಕ್ಕೊಂದು ಬಿದಿರು ತಟ್ಟಿ ಕಟ್ಟಿಸಿ, ತಟ್ಟಿಗೆ ಬೀಗ ಹಾಕಿದೆ. ಒಂದು ಒದೆಗೆ ಬೀಳುವ ತಟ್ಟಿಗೆ ಆರು ಲಿವರಿನ ಬೀಗ!

ಜಗಳಕ್ಕೆ ಯಾರೂ ಬರಲಿಲ್ಲ. ಕೆರೆ ಏರಿ ಬಳಸಿಕೊಂಡು, ಮೈಲಿಯ ಲೆಕ್ಕದಲ್ಲೂ ಕಿಲೋಮೀಟರಿನ ಲೆಕ್ಕದಲ್ಲೂ ದೂರವೇ ಆದ ದಾರಿಯಲ್ಲಿ ಓಡಾಡತೊಡಗಿದರು. ಬಂದವಳು ಪಿಳ್ಳಮ್ಮ ಒಬ್ಬಳೇ. ಅರವತ್ತರ ಆಸುಪಾಸಿನ ಹೆಂಗಸು, ಗಂಡ ಹೋಗಿ ಬಹಳ ಕಾಲವಾಗಿತ್ತು. ರಸ್ತೆ ಪಕ್ಕದ ಆ ಹಿಪ್ಪುನೇರಳೆ ತೋಟ ಅವಳದು, ಮನೆ ಹಳ್ಳಿಯಲ್ಲಿ. ಮನೆ ತುಂಬ ರೇಷ್ಮೆ ಹುಳು, ಅದೇ ಅವಳ ಜೀವನ. ಸೊಪ್ಪು ಕೊಯ್ದು ತಲೆ ಮೇಲೆ ಹೊತ್ತು ನನ್ನ ಹೊಲ ಹಾಯ್ದರೆ ಅವಳ ಹುಳುಗಳಿಗೆ ಊಟ.

"ಮೇಷ್ಟ್ರೇ, ಹುಳ ನಾಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದವೆ. ಹಗ್ಲೂ ರಾತ್ರಿ ತಿಂತವೆ. ಏರಿ ಸುತ್ತೋ ಹೊತ್ಗೆ ಸೊಪ್ಪು ಬಾಡೋಯ್ತದೆ, ಬಾಡಿದ್ದು ಹಾಕಿದ್ರೆ ಸಾಯ್ತವೆ. ಗೂಡು ಕಟ್ಟೋಗಂಟ ಒಂದು ವಾರ ಬಿಡಿ, ಆಮೇಲೆ ಗೋಡೆ ಬೇಕಾದ್ರೂ ಕಟ್ಕೊಳ್ಳಿ."

"ನಕ್ಷೇಲಿ ದಾರಿ ಇದ್ರೆ ಬಿಡ್ತೀನಮ್ಮ. ಭಾನುವಾರ ಶಾನುಭೋಗರು ಬರ್ತಾರೆ."

"ಹುಳಕ್ಕೆ ನಕ್ಷೆ ಓದಕ್ಕೆ ಬರಲ್ವಲ್ಲ ಮೇಷ್ಟ್ರೇ" ಎಂದು ಅವಳು ಕುಕ್ಕೆಯನ್ನು ತಲೆಗೇರಿಸಿಕೊಂಡು ಏರಿಯ ಕಡೆ ಹೊರಟಳು. ನಾಲ್ಕು ದಿನ, ದಿನಕ್ಕೆ ನಾಲ್ಕೈದು ಸಲ ಹಾಗೆ ಸುತ್ತಿದಳಂತೆ.

ಭಾನುವಾರ ಶಾನುಭೋಗರು ಬಂದರು. ಬೀಗ ತೆಗೆದು ಅವರನ್ನು ಒಳಗೆ ಕರೆದುಕೊಂಡು, ತಟ್ಟಿ ಮುಚ್ಚಿ ಮತ್ತೆ ಬೀಗ ಹಾಕಿದೆ. ಹೊರಗೆ ಪಿಳ್ಳಮ್ಮನ ಬದುವಿನ ಮೇಲೆ ಹಳ್ಳಿಯ ಹತ್ತು ಹನ್ನೆರಡು ಜನ, ಅವರ ಮುಂದೆ ಸೊಪ್ಪಿನ ಕುಕ್ಕೆ ಹೊತ್ತ ಅವಳು. ಶಾನುಭೋಗರು ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆಯನ್ನು ನನ್ನ ಟವಲಿನ ಮೇಲೆ ಹಾಸಿ, ಬೆರಳಿಟ್ಟು ಹುಡುಕಿ, "ಇಲ್ಲ. ಮೇಷ್ಟ್ರ ಸರ್ವೆ ನಂಬರಿನಲ್ಲಿ ದಾರಿ ಇಲ್ಲ" ಎಂದರು. ನಾನು ಜನರ ಕಡೆ ತಿರುಗಿದೆ. ಮುಖದ ಮೇಲೆ ಕರಿಹಲಗೆಯಲ್ಲಿ ಲೆಕ್ಕ ಮುಗಿಸಿ ಸೀಮೆಸುಣ್ಣ ಕೆಳಗಿಡುವಾಗಿನ ಕಳೆ ಇದ್ದಿರಬೇಕು.

"ಹಂಗೇ ಒಂದ್ಕಿತ ನೋಡ್ಬಿಡಿ ಸಾಮಿ" ಎಂದಳು ಪಿಳ್ಳಮ್ಮ, "ಮೇಷ್ಟ್ರು ಹೊಲಕ್ಕೆ ಬರಕ್ಕೆ ದಾರಿ ಯಾವ ಕಡೆ ಐತೆ?"

ಶಾನುಭೋಗರ ಬೆರಳು ನನ್ನ ಹೊಲದ ಸುತ್ತ ಪ್ರದಕ್ಷಿಣೆ ಹಾಕಿತು. ಕನ್ನಡಕ ಒರೆಸಿಕೊಂಡು ಇನ್ನೊಂದು ಪ್ರದಕ್ಷಿಣೆ. ಎರಡು ಕಡೆ ಬೇರೆಯವರ ಹೊಲ. ರಸ್ತೆ ಕಡೆ ಪೂರ್ತಿ ಪಿಳ್ಳಮ್ಮನ ತೋಟ. ಹಳ್ಳಿ ಕಡೆ ಪಿಳ್ಳಮ್ಮನ ಹಿತ್ತಿಲು. "ಇದಕ್ಕೂ ಇಲ್ಲವಲ್ಲ ಮೇಷ್ಟ್ರೇ" ಎಂದರು ಮೆಲ್ಲಗೆ.

"ಅಂದ್ರೆ ದಾರಿ ತಲೇನೂ ನಂದು, ಬಾಲಾನೂ ನಂದು. ಹೊಟ್ಟೆ ಮಾತ್ರ ಮೇಷ್ಟ್ರದು" ಎಂದಳು ಪಿಳ್ಳಮ್ಮ. ಹಿಂದಿನಿಂದ ಯಾರೋ ತೆಲುಗಿನಲ್ಲಿ, "ಇಂಕ ಮೇಷ್ಟ್ರು ಎಗಿರೇ ರಾವಾಲ" ಎಂದರು. ಇನ್ನು ಮೇಷ್ಟ್ರು ಹಾರಿಕೊಂಡೇ ಬರಬೇಕು! ಬದು ಕುಸಿಯುವಂತೆ ಎಲ್ಲರೂ ನಕ್ಕರು, ಶಾನುಭೋಗರೂ ನಕ್ಷೆ ಮಡಿಸುವ ನೆಪದಲ್ಲಿ ನಕ್ಕರು.

ನನಗೆ ನಾಚಿಕೆಯಾಯಿತು. ಎರಡು ವರ್ಷದಿಂದ ನಾನು ನಡೆದದ್ದು ಅವಳ ಬದುವಿನ ಮೇಲೆ, ಸೈಕಲ್ ನಿಲ್ಲಿಸಿದ್ದು ಅವಳ ಮರಕ್ಕೆ. ಮಳೆ ಬಂದಾಗ ಸೀಟಿನ ಮೇಲೆ ಗೋಣಿಚೀಲ ಹೊದಿಸಿರುತ್ತಿತ್ತು, ಅದು ಯಾರ ಕೆಲಸ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಒಳಗೆ ಬರಲು ನಾನು ಅವಳ ಅಪ್ಪಣೆ ಕೇಳಿರಲಿಲ್ಲ, ಅವಳೂ ನನ್ನನ್ನು ಏನೂ ಕೇಳಿರಲಿಲ್ಲ.

"ನಾನೇನು ನಮ್ ಬದೂಗೆ ಮುಳ್ಳು ಹಾಕಲ್ಲ, ಹೆದ್ರಬೇಡಿ" ಎಂದಳು. "ಮೊದ್ಲು ಬೀಗ ತೆಗೀರಿ. ಹುಳ ಹಸ್ಕೊಂಡವೆ."

ಬೀಗ ತೆಗೆದೆ. ಆಚೆ ಮೂಲೆಯಲ್ಲಿ ಕಿಂಡಿಯೇ ಇರಲಿಲ್ಲವಾದ್ದರಿಂದ ಓಡಿಹೋಗಿ ಬರಿಗೈಯಲ್ಲೇ ಬೇಲಿ ಕಿತ್ತೆ. ಅಂಗೈಗೆ ಮುಳ್ಳು ಮುರಿಯಿತು. ಪಿಳ್ಳಮ್ಮ ಸೊಪ್ಪು ಒಳಗಿಟ್ಟು ಹುಳುಗಳಿಗೆ ಹಾಕಿ ಬಂದು, ನನ್ನ ಬೇಲಿಯದೇ ಒಂದು ಮುಳ್ಳು ಮುರಿದು, ನನ್ನ ಕೈಯ ಮುಳ್ಳನ್ನು ತೆಗೆದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ಹೇಳುವುದಕ್ಕೆ ಸುಲಭ, ನೋವು ಮಾತ್ರ ಎರಡು ಮುಳ್ಳಿನದು. ಹುಳುಗಳು ಆ ವಾರವೇ ಗೂಡು ಕಟ್ಟಿದವು. ಎರಡು ತಟ್ಟೆ ಹುಳು ಮಾತ್ರ ಬಾಡಿದ ಸೊಪ್ಪಿಗೆ ಸತ್ತಿದ್ದವಂತೆ. ಇದನ್ನು ಬೇರೆಯವರು ಹೇಳಿದರು, ಅವಳು ಇವತ್ತಿನವರೆಗೂ ಹೇಳಿಲ್ಲ.

ಜಾಲಿಮುಳ್ಳು ಒಲೆಗಾಯಿತು. ಬೀಗ ಉಳಿಯಿತು. ಒಳ್ಳೆಯ ಬೀಗ ದಂಡವಾಗಬಾರದೆಂದು ಸರಪಳಿಯೊಂದನ್ನು ಹೊಂದಿಸಿ, ಮುಂದಿನ ಭಾನುವಾರ ಹೊಂಗೆ ಮರದ ಕೆಳಗೆ ಬಗ್ಗಿ ಅದನ್ನು ಸೈಕಲ್ಲಿಗೆ ಹಾಕುತ್ತಿದ್ದೆ. ಪಿಳ್ಳಮ್ಮ ಸೊಪ್ಪು ಕೊಯ್ಯುತ್ತಿದ್ದವಳು ತಲೆಯೆತ್ತಿ, "ಯಾಕೆ ಮೇಷ್ಟ್ರೇ, ನಮ್ ತೋಟದಾಗೆ ಕಳ್ಳರವ್ರಾ?" ಎಂದಳು.

ಬೀಗವನ್ನು ಜೇಬಿಗೆ ಹಾಕಿಕೊಂಡು, ಮೂಲೆಯಿಂದ ಮೂಲೆಗೆ ನಡೆದುಹೋದೆ.