ದೇವರ ಕೋಣೆಯಲ್ಲಿ ಸೋತ ಆಮೆಯ ಕಾಲು

ಊರಿನ ಕ್ಯಾಂಪ್ ಬಡಾವಣೆಯ ಪಶುವೈದ್ಯರಲ್ಲಿ ನಮ್ಮ ಸರದಿ ಕಾಯುತ್ತಿದ್ದೆವು. ನನ್ನ ಭುಜ ಹಿಡಿದು ಕಷ್ಟಪಟ್ಟು ಮೆಟ್ಟಿಲೇರಿ ಬಂದಿದ್ದ ಅತ್ತೆಯವರು ಹೂವಿನ ಬುಟ್ಟಿಯಿಂದ ಆಮೆಯನ್ನು ತೆಗೆದು ಬೆಂಚಿನ ಮೇಲಿಟ್ಟರು. ಮೇಕೆಮರಿ ಹಿಡಿದು ಪಕ್ಕದಲ್ಲಿ ಕೂತಿದ್ದ ಖಾನಾಪುರದ ಅಜ್ಜರೊಬ್ಬರು ಬೆಚ್ಚಿ ಸರಿದರು. ಆಮೆಯ ಚಿಪ್ಪಿನ ತುಂಬ ಕುಂಕುಮ. ಹಿಂಗಾಲು ಎರಡೂ ಸತ್ವವಿಲ್ಲದೆ ಅಗಲವಾಗಿ ಚಾಚಿಕೊಂಡಿದ್ದವು.

"ಇದನ್ನ ಎಲ್ಲಿ ಇಡ್ತೀರಿ ಅಕ್ಕಾರ?" ಎಂದರು ಅಜ್ಜ.

ಹಿಂದವಾಡಿಯ ನಮ್ಮ ಮನೆಯ ದೇವರ ಕೋಣೆಯಲ್ಲಿ, ಹೊಸ ಮಾರ್ಬಲ್ ಮೇಲೆ ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು. ಕೂರ್ಮಾವತಾರವನ್ನು ಅಂಗಳದ ಮಣ್ಣಿನಲ್ಲಿ ಬಿಡುವುದುಂಟೇ?

ಅಜ್ಜ ನಕ್ಕೇಬಿಟ್ಟರು. "ಜಾರೋ ನೆಲದಾಗ ಅದು ಕಾಲು ಹೆಂಗ ಊರಬೇಕ್ರೀ? ನಮ್ಮ ಮರಿ ಹಿಂಗ ಮಾಡಿದ್ರ ಮುಂಜಾನಿ ಬಿಸಿಲಾಗ ಗೋಣಿಚೀಲದ ಮ್ಯಾಲ ಬಿಡ್ತೇವಿ. ದೇವರಿಗೂ ಬಿಸಿಲು ಬೇಕ್ರೀ!"

ಅತ್ತೆಯ ಮುಖ ಗಂಟಾಯಿತು. ಒಳಗೆ ಡಾಕ್ಟರೂ ಅದನ್ನೇ ಹೇಳಿದರು. ಕ್ಯಾಲ್ಸಿಯಂ ಬರೆದುಕೊಟ್ಟು, ಬಿಸಿಲು, ಒರಟು ನೆಲ, ಹಸಿರು ಸೊಪ್ಪು ಬೇಕೆಂದರು. ನೈವೇದ್ಯದ ಸಕ್ಕರೆ ಅನ್ನ ಅಂದೇ ಬಂದ್ ಆಯಿತು.

ಕೆಲವು ತಿಂಗಳಲ್ಲಿ ಆಮೆ ಅಂಗಳವನ್ನೆಲ್ಲ ಸುತ್ತತೊಡಗಿತು. ಅತ್ತೆ ಪೂಜೆಯನ್ನಂತೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ದಾಸವಾಳ ಹಿಡಿದು ದೇವರ ಹಿಂದೆ ಹಿಂದೆ ಓಡಾಡುತ್ತಾರೆ. ಮಂಡಿನೋವೆಂದು ಎರಡು ವರ್ಷದಿಂದ ಸೋಫಾ ಬಿಟ್ಟೇಳದೆ, ಯಾವ ಡಾಕ್ಟರು ಹೇಳಿದರೂ ವಾಕಿಂಗ್ ಹೋಗದಿದ್ದ ನಮ್ಮ ಅತ್ತೆ!