ಅತ್ತೆ ಮಲಗಿ ಅಳೆದ ಕೋಣೆ

ಆಗೆಲ್ಲ ನಮ್ಮ ದೇವದುರ್ಗದಲ್ಲಿ ಮನೆ ಕಟ್ಟುವವರು ನಕ್ಷೆಯನ್ನು ನೆಲದ ಮೇಲೇ ಬರೆಯುತ್ತಿದ್ದರು. ಒಂದು ಬುಟ್ಟಿ ಸುಣ್ಣದ ಪುಡಿ, ನಾಲ್ಕು ಗೂಟ, ಒಂದು ಉಂಡೆ ಸುತಳಿ ಇದ್ದರೆ ಸಾಕು. ಅಂಥ ಗೆರೆಗಳೊಳಗೆ ನೀವೂ ಓಡಾಡಿದ್ದರೆ, ಬಯಲಲ್ಲಿ ಬರೆದ ಮನೆ ಎಷ್ಟು ಸಣ್ಣದಾಗಿ ಕಾಣುತ್ತದೆಂದು ನಿಮಗೆ ಗೊತ್ತಿರುತ್ತದೆ.

ಎಪ್ಪತ್ತರ ದಶಕದ ಕೊನೆ. ನನಗೆ ಒಂಬತ್ತು ವರ್ಷ. ಮಾಸ್ತರನಾಗಿದ್ದ ಅಪ್ಪ ಊರ ಅಂಚಿಗೆ ಜಾಗ ಹಿಡಿದಿದ್ದ. ನೋಟ್‌ಬುಕ್ಕಿನ ಹಾಳೆಯಲ್ಲಿ ಮನೆ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ಇದೇ ಆಗಿತ್ತು ಅವನಿಗೆ. ಎಷ್ಟು ಸಲ ಬರೆದರೂ ಪಡಸಾಲೆ ಮಾತ್ರ ದೊಡ್ಡದೇ. ಬಾಡಿಗೆ ಮನೆಯಲ್ಲಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬೇಕಾಗುತ್ತಿತ್ತಲ್ಲ, ಆ ನಾಚಿಕೆ ಅವನನ್ನು ಬಿಟ್ಟಿರಲಿಲ್ಲ. ಇಪ್ಪತ್ತು ಮಂದಿ ಕೂಡುವಂಥ ಪಡಸಾಲೆ ಆಗಲೇಬೇಕು ಎಂದು ಹಟ ಹಿಡಿದಿದ್ದ.

ಮನೆ ಕಟ್ಟಲು ಮಾನ್ವಿಯಿಂದ ಮೌಲಾಸಾಬ್ ಗೌಂಡಿ ಬಂದರು. ಬಿಳಿ ಗಡ್ಡ, ಬಾಯಲ್ಲಿ ಸದಾ ಎಲೆಯಡಿಕೆ. ಅಪ್ಪನ ಹಾಳೆಯನ್ನು ಒಮ್ಮೆ ನೋಡಿ ಮಡಚಿ ಕೊಟ್ಟುಬಿಟ್ಟರು.

"ಕಾಗದ ಮಲಗಂಗಿಲ್ರೀ ಮಾಸ್ತರ, ಮಂದಿ ಮಲಗತಾರ. ನಾಳಿ ಮನಿಮಂದಿನೆಲ್ಲಾ ಕರಕೊಂಡು ಬರ್ರಿ."

ಅದು ಅವರ ಪದ್ಧತಿಯಂತೆ. ಗೆರೆ ಹಾಕಿದ ಮೇಲೆ ಮನೆಯವರೆಲ್ಲ ತಂತಮ್ಮ ಜಾಗದಲ್ಲಿ ಕೈಕಾಲು ಚಾಚಿ ಮಲಗಿ ನೋಡಬೇಕು. ಆಮೇಲೇ ಬುನಾದಿಗೆ ಗುದ್ದಲಿ.

ಮರುದಿನ ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಕಟ್ಟಿಕೊಂಡು ಹೋದೆವು. ಸುಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ನಾನೂ ತಮ್ಮನೂ ಬಾಗಿಲಿಗೆಂದು ಬಿಟ್ಟ ಸಂದುಗಳಲ್ಲೇ ಒಳಹೊರಗೆ ಓಡಿದೆವು. ಗೆರೆ ತುಳಿದವರು ಆಟದಲ್ಲಿ ಸತ್ತಂತೆ. ಅಪ್ಪ ಒಂದು ಕೋಣೆಯಲ್ಲಿ ಮಲಗಿದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು, "ಮಂದಿ ನೋಡಿದ್ರ ಏನಂದಾರು ನಮ್ಮವ್ವಾ!" ಎನ್ನುತ್ತಲೇ ಪಕ್ಕದಲ್ಲಿ ಮಲಗಿದಳು. ಇನ್ನೊಂದರಲ್ಲಿ ನಾವಿಬ್ಬರೂ ಮಲಗಿದೆವು.

ನೀಲಮ್ಮತ್ತೆ ಮಾತ್ರ ನೀರಿನ ಕೊಡ ಹಿಡಿದು ಗೆರೆಯ ಹೊರಗೆ ನಿಂತಿದ್ದಳು. ಅವಳು ಅಪ್ಪನ ಅಕ್ಕ. ಗೂಗಲ್ ಎಂಬ ಹಳ್ಳಿಗೆ ಮದುವೆಯಾಗಿ ಹೋದವಳು ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತಿರುಗಿ ಬಂದಿದ್ದಳು. ತಾಯಿಯಿಲ್ಲದ ಅಪ್ಪನನ್ನು ಬೆಳೆಸಿದವಳು ಅವಳೇ, ನಮ್ಮನ್ನೂ ಅವಳೇ.

"ಅಕ್ಕಾರು ಎಲ್ಲಿ ಮಲಗತಾರ್ರೀ?" ಗೌಂಡಿ ಕೇಳಿದರು.

ಅಪ್ಪ ಹಾಳೆ ಬಿಚ್ಚಿ ನೋಡಿದ. ಅಷ್ಟು ಸಲ ಬರೆದು ಅಳಿಸಿದ ಮನೆಯಲ್ಲಿ ಅಕ್ಕನ ನೆನಪೇ ಅವನಿಗೆ ಆಗಿರಲಿಲ್ಲ. ಕೊನೆಗೆ ಅತ್ತೆಯೇ ಉತ್ತರ ಕೊಟ್ಟಳು: "ನಂದೇನಪಾ, ಒಲಿ ಮುಂದ ಒಂದು ಕೌದಿ ಹಾಸಿದ್ರ ಮುಗೀತು."

ನನಗೆ ಎಲ್ಲಿತ್ತೋ ಸಿಟ್ಟು! ಓಡಿ ಹೋಗಿ ಪಡಸಾಲೆಯ ನಡುವೆ ಅಡ್ಡ ಬಿದ್ದುಕೊಂಡೆ.

"ಅತ್ತಿಗೂ ಕೋಣಿ ಬೇಕು. ಇಲ್ಲಂದ್ರ ನಾ ಏಳಂಗಿಲ್ಲ."

"ಏಳ ಬೇ, ಜಾಗಾ ಎಲ್ಲದ?" ಅಪ್ಪ ಗದರಿದ.

"ನಿನ್ನ ಪಡಸಾಲ್ಯಾಗ ಅದಲ್ಲ!"

ಅಪ್ಪ ಕೈ ಎತ್ತಿದ. ಗೌಂಡಿ ನಡುವೆ ಬಂದರು. "ಹುಡುಗಿ ಮಾತು ಖರೇ ಅದರೀ ಮಾಸ್ತರ. ಹತ್ತು ಮಂದಿ ಕೂತ್ರೂ ಅದು ಪಡಸಾಲಿನ."

ಅಪ್ಪ ಎತ್ತಿದ ಕೈ ಇಳಿಸಿದ. ಆಮೇಲೆ ತಾನೇ ಹೋಗಿ ಪಡಸಾಲೆಯ ಗೆರೆಯನ್ನು ಕಾಲಿನಿಂದ ಉಜ್ಜಿ ಅಳಿಸಿದ. ಅಡುಗೆಮನೆಗೆ ಹೊಂದಿಕೊಂಡು ಆರು ಫೂಟು ಅಗಲ, ಎಂಟು ಫೂಟು ಉದ್ದದ ಹೊಸ ಗೆರೆ ಬಿತ್ತು.

"ಬ್ಯಾಡ, ನನಗ್ಯಾಕ" ಎನ್ನುತ್ತಲೇ ಅತ್ತೆ ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟು ಒಳಗೆ ಬಂದಳು. ಮಲಗಿ, ಸೀರೆಯನ್ನು ಪಾದದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಬೇಗ ಏಳಲೇ ಇಲ್ಲ. ಎದ್ದಾಗ ಬೆನ್ನೆಲ್ಲ ಸುಣ್ಣ. ಅವ್ವ ಕೊಡವಲು ಹೋದರೆ, "ಇರ್ಲಿ ಬಿಡು" ಎಂದಳು.

"ಮತ್ತೇನು ಬೇಕ್ರೀ ಅಕ್ಕಾರ? ದೀಪಕ್ಕೊಂದು ಗೂಡು?"

ಅತ್ತೆ ಸ್ವಲ್ಪ ಯೋಚಿಸಿ ಹೇಳಿದಳು: "ಬಾಗಲಕ್ಕ ಒಳಗಿಂದ ಒಂದು ಚಿಲಕ ಹಾಕಸಪಾ."

ಆ ಬೇಸಿಗೆ ಕಳೆಯುವುದರೊಳಗೆ ಮನೆ ಎದ್ದಿತು. ಅತ್ತೆ ದಿನಾ ಮಧ್ಯಾಹ್ನ ಮುಸುರೆ ತಿಕ್ಕಿದ ಮೇಲೆ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು, ಅರ್ಧ ತಾಸು. ಬಾಗಿಲಿಗೆ ಕಿವಿಯಿಟ್ಟರೂ ಸಪ್ಪಳವಿಲ್ಲ. ಒಮ್ಮೆ ಕೇಳಿಯೇಬಿಟ್ಟೆ, "ಒಳಗ ಏನ್ ಮಾಡ್ತಿ ಅತ್ತಿ?"

"ಏನೂ ಮಾಡಂಗಿಲ್ಲ ಬೇ. ಅದಕ್ಕ ಚಿಲಕ ಹಾಕ್ಕೋತೀನಿ" ಎಂದು ನಕ್ಕಳು.

ಇಲ್ಲಿಗೇ ನಿಲ್ಲಿಸಿದರೆ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತೇನೆ. ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ, ಪಡಸಾಲೆಯಲ್ಲಿ ಅಪ್ಪನ ಮಂದಿಯ ಗದ್ದಲ, ಕೋಣೆಯಲ್ಲಿ ತಮ್ಮನ ಕಾಟ. ಒಂದು ದಿನ ಊಟಕ್ಕೆ ಕೂತಾಗ, "ನನಗ ಓದಾಕ ಒಂದು ಕೋಣಿ ಬೇಕು" ಎಂದೆ. ಯಾವ ಕೋಣೆ ಎಂದು ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೂ.

ಮರುದಿನ ಶಾಲೆಯಿಂದ ಬಂದಾಗ ಅತ್ತೆಯ ಟ್ರಂಕು, ಕೌದಿ ಅಡುಗೆಮನೆ ಸೇರಿದ್ದವು. ದೀಪದ ಗೂಡಿನಲ್ಲಿ ನನ್ನ ಪುಸ್ತಕಗಳನ್ನು ಜೋಡಿಸಿಟ್ಟಿದ್ದಳು. "ಓದು ಯವ್ವಾ. ನನಗ ಒಲಿ ಮುಂದ ಬೆಚ್ಚಗ ಅದ."

ಅಂದು ನಾನು ಅಡ್ಡ ಬೀಳಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಪಾಸಾಗಿ ಕಾಲೇಜಿಗೆಂದು ರಾಯಚೂರಿಗೆ ಹೋದೆ. ಖಾಲಿಯಾದ ಕೋಣೆಗೆ ಜೋಳದ ಚೀಲಗಳು ಬಂದವು. ತಿರುಗಿ ನಿನ್ನ ಕೋಣೆಗೆ ಹೋಗು ಎಂದು ಅತ್ತೆಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನನ್ನ ಎರಡನೇ ವರ್ಷದಲ್ಲಿ ಅವಳು ಒಲೆಯ ಮುಂದೆಯೇ ತೀರಿಕೊಂಡಳು.

ಈಗ ರಾಯಚೂರಿನ ನನ್ನ ಮನೆಯಲ್ಲಿ ನಾಲ್ಕು ಕೋಣೆ, ಎಲ್ಲಕ್ಕೂ ಒಳಗಿಂದ ಚಿಲಕ. ಏನು ಕಳೆದುಕೊಂಡೆ ಎಂದು ಕೇಳಿದರೆ, ಅತ್ತೆಯ ಜೊತೆಗೆ ಆ ಒಂಬತ್ತು ವರ್ಷದ ಹುಡುಗಿಯನ್ನೂ ಕಳೆದುಕೊಂಡೆ ಎನ್ನುತ್ತೇನೆ. ದೇವದುರ್ಗಕ್ಕೆ ಹೋದಾಗಲೆಲ್ಲ ತಮ್ಮ ಪಡಸಾಲೆಯಲ್ಲಿ ಹಾಸಿಗೆ ಹಾಸುತ್ತಾನೆ. ನಾನು ಚೀಲಗಳನ್ನು ಸರಿಸಿ ಅತ್ತೆಯ ಕೋಣೆಯಲ್ಲಿ ಮಲಗುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ಆ ಚಿಲಕಕ್ಕೆ ಕೈ ಹಚ್ಚಲು ನನಗೆ ಮುಖವಿಲ್ಲ.