ಕನ್ನಡಿಯವಳ ಟ್ರೇ

ಇವತ್ತು ಬೆಳಿಗ್ಗೆ ಹಾಲು ಕಾಯಿಸುವಾಗ ಒಲೆಯ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಮುಚ್ಚಳ ಬಿಸಿಗೆ ಮೆತ್ತಗಾಗಿ ಬಾಗಿಕೊಂಡಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಾಲು ಮರೆತು ನಿಂತುಬಿಟ್ಟೆ. ಹಾಲು ಉಕ್ಕಿತು ಅಂತ ಬೇರೆ ಹೇಳಬೇಕೆ? ನಿಮಗೆ ಅದು ಕೆಟ್ಟ ವಾಸನೆ. ನನಗೆ ಮಾತ್ರ ಅದು ನನ್ನ ತಮ್ಮ ಸೀನನ ವೆಲ್ಡಿಂಗ್ ಶೆಡ್ಡಿನಲ್ಲಿ, ನಾವಿಬ್ಬರೂ ಸೇರಿ ಅಮ್ಮನಿಗೆ ಅಂತ ಟ್ರೇ ಮಾಡಿದ ದಿನಗಳ ವಾಸನೆ.

ಟ್ರೇ ಅಂದರೆ ಕಾಫಿ ತಂದುಕೊಡುವ ಟ್ರೇ ಅಂದುಕೊಳ್ಳಬೇಡಿ. ನಾನು ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸದವಳು. ಅಲ್ಲಿಗೆ ಬಿಡಿಭಾಗಗಳು ಬರುವುದು ಕಪ್ಪು ಪ್ಲಾಸ್ಟಿಕ್ ಟ್ರೇಗಳಲ್ಲಿ. ಒಂದೊಂದು ಸಾಮಾನಿಗೂ ಅದರದೇ ಆಕಾರದ ಗುಳಿ. ಗುಳಿ ಖಾಲಿ ಇದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ನನ್ನ ತಲೆಯೂ ಹಾಗೇ ಆಗಿದೆ. ಮನೆಯಲ್ಲಿ ಸೌಟು ತನ್ನ ಮೊಳೆ ಬಿಟ್ಟು ಬೇರೆ ಮೊಳೆಗೆ ನೇತಾಡಿದರೆ ನನಗೆ ಊಟ ಸೇರುವುದಿಲ್ಲ.

ಹೆಬ್ಬಗೋಡಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲಕ್ಕೆ ಅಮ್ಮ ಈ ಮನೆಗೆ ಸೊಸೆಯಾಗಿ ಬಂದವಳು. ಹೊಲ ಹೋಗಿ ಅದೇ ಜಾಗದಲ್ಲಿ ಬಾಡಿಗೆ ರೂಮುಗಳು ಎದ್ದವು, ಅಪ್ಪ ಹೋದರು, ಏನೇ ಆದರೂ ಯಾರನ್ನೂ ಒಂದು ಲೋಟ ನೀರು ಕೇಳಿದವಳಲ್ಲ. ಅಂಥವಳಿಗೆ ಮರೆವು ಶುರುವಾಯಿತು. ಬೆಳಗಾದರೆ ಹುಡುಕಾಟ. ಕನ್ನಡಕ ಎಲ್ಲಿ, ಎಲೆ ಅಡಿಕೆ ಡಬ್ಬಿ ಎಲ್ಲಿ, ಸುಣ್ಣ ಎಲ್ಲಿ, ಮಾತ್ರೆ ಎಲ್ಲಿ. ಹುಡುಕುವುದಕ್ಕಿಂತ ಕೇಳುವುದೇ ಅವಳಿಗೆ ಕಷ್ಟ. ಅಡುಗೆಮನೆ ಬಾಗಿಲಿನ ತನಕ ಬಂದು ಕೇಳದೆಯೇ ವಾಪಸು ಹೋಗುತ್ತಿದ್ದಳು. ಒಂದು ದಿನ ಅವಳೇ ಬಾಯಿಬಿಟ್ಟಳು.

"ಯಾರ್ನೂ ಕೇಳ್ದಂಗೆ ನನ್ ಸಾಮಾನು ನಂಗೆ ಸಿಕ್ಬುಟ್ರೆ ಸಾಕು ಕಣೇ."

ನನಗೆ ಕಾರ್ಖಾನೆಯ ಟ್ರೇ ನೆನಪಾಗಿದ್ದು ಆಗಲೇ. ಭಾನುವಾರ ಸೀನನ ಶೆಡ್ಡಿಗೆ ಹೋಗಿ ಹೀಗೊಂದು ಬೇಕಲ್ಲಪ್ಪಾ ಅಂದೆ. ಅವನು ಯಾವುದಕ್ಕೂ ಇಲ್ಲ ಅನ್ನುವ ಜಾತಿಯವನಲ್ಲ, ಅದೇ ಅವನ ದೊಡ್ಡ ತೊಂದರೆ. ಫೋನಿನಲ್ಲಿ ಏನೇನೋ ವಿಡಿಯೋ ನೋಡಿ, ಇದೇನಕ್ಕ ಮಹಾ, ನಾವೇ ಮಾಡ್ಬಿಡೋಣ ಅಂದ. ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿದ. ಮೇಲಿನ ಹಲಗೆಯ ತುಂಬ ಸಣ್ಣ ಸಣ್ಣ ತೂತು ಕೊರೆದ. ಪಕ್ಕಕ್ಕೊಂದು ದೊಡ್ಡ ತೂತು ಮಾಡಿ ಅದಕ್ಕೆ ನನ್ನ ವ್ಯಾಕ್ಯೂಮ್ ಕ್ಲೀನರಿನ ಪೈಪು ಸಿಕ್ಕಿಸಿದ. ಅದನ್ನು ನಾನು ಆಸೆಪಟ್ಟು ಕೊಂಡಿದ್ದೆ. ಶೆಡ್ಡಿನ ಕಬ್ಬಿಣದ ಪುಡಿ ಕುಡಿದು ಅದು ಆವತ್ತಿನಿಂದ ಗೊರಕೆ ಹೊಡೆಯಲು ಶುರುಮಾಡಿತು.

ಕೆಲಸ ಹೇಗೆ ಅಂತೀರಾ? ಕನ್ನಡಕ, ಡಬ್ಬಿಗಳು, ಎಲ್ಲದರ ಅಳತೆಗೆ ಮರದ ಅಚ್ಚು ಕೆತ್ತಿ ತೂತಿನ ಹಲಗೆಯ ಮೇಲೆ ಜೋಡಿಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅದು ಜೋತುಬೀಳುವ ತನಕ ಹೀಟರ್ ಮೇಲೆ ಕಾಯಿಸಿ, ತಕ್ಷಣ ಅಚ್ಚುಗಳ ಮೇಲೆ ಒತ್ತಿ ಗಾಳಿ ಎಳೆಯಬೇಕು. ಹಾಳೆ ಒದ್ದೆ ಬಟ್ಟೆಯ ಹಾಗೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಮೊದಲ ಹಾಳೆ ಕರಗಿ ತೂತಾಯಿತು. ಎರಡನೆಯದು ಮೊಂಡು ಹಿಡಿದು ಬಾಗಲೇ ಇಲ್ಲ. ಆಮೇಲಿನದು ಗಪ್ಪನೆ ಕೂತಾಗ ನಾವಿಬ್ಬರೂ ಮಕ್ಕಳ ಹಾಗೆ ಕುಣಿದೆವು. ಅಮ್ಮ ಸಾಮಾನು ಇಟ್ಟುಕೊಳ್ಳುವ ಕ್ರಮ ನನಗೆ ಬಾಯಿಪಾಠ: ಬಲಗಡೆ ಕನ್ನಡಕ, ಎಡತುದಿಗೆ ಸುಣ್ಣ. ಅಚ್ಚುಗಳನ್ನು ಹಾಗೇ ಜೋಡಿಸಿದ್ದೆ. ಗುಳಿ ಮೇಲೆ ಬರುವ ಹಾಗೆ ಹಾಳೆಯನ್ನು ತಿರುವಿಹಾಕಿ, ಸಾಮಾನು ತುಂಬಿ, ಅಮ್ಮನ ಮುಂದಿಟ್ಟೆ.

ಅಮ್ಮನ ಕೈ ಬಲಕ್ಕೆ ಹೋಯಿತು. ಸುಣ್ಣದ ಡಬ್ಬಿ ಬಂತು. ಅದನ್ನು ಅಲ್ಲೇ ಇಟ್ಟು ಮತ್ತೆ ಬಲಕ್ಕೇ ಹೋಯಿತು, ಮತ್ತೆ ಸುಣ್ಣ. ಎದುರಿನ ಬೀರುವಿನ ಕನ್ನಡಿಯನ್ನೊಮ್ಮೆ ನೋಡಿ, ಟ್ರೇಯನ್ನು ಮೆಲ್ಲಗೆ ದೂರ ತಳ್ಳಿದಳು.

"ಇದು ನಂದಲ್ಲ ಕಣೇ. ಕನ್ನಡೀಲವ್ಳಲ್ಲ ಆಯಮ್ಮ, ಅವಳ್ದು."

ನನಗೆ ತಲೆಬುಡ ತಿಳಿಯಲಿಲ್ಲ. ಸೀನ ಟ್ರೇಯನ್ನು ಎತ್ತಿ, ತಿರುವಿ, ಮತ್ತೆ ತಿರುವಿ, ಹಣೆ ಚಚ್ಚಿಕೊಂಡ. ತಿರುವಿಹಾಕಿದಾಗ ಬಲದ್ದು ಎಡಕ್ಕೆ ಬಂದಿತ್ತು. ಉಬ್ಬಾಗಿದ್ದಾಗ ಅಮ್ಮನದು, ಗುಳಿಯಾದಾಗ ಕನ್ನಡಿಯವಳದು. ಮರೆವಿನವಳಿಗೆ ಗೊತ್ತಾದದ್ದು ನಮಗೆ ಗೊತ್ತಾಗಿರಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ಅಂತ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮುಂದಿನ ಭಾನುವಾರ ಅಚ್ಚುಗಳನ್ನು ಉಲ್ಟಾ ಜೋಡಿಸಲು ಕೂತೆವು. ಬಲ ಅಂದರೆ ಯಾರ ಬಲ, ತಿರುವಿದ ಮೇಲಿನದೋ ಮುಂಚಿನದೋ ಅಂತ ಅಕ್ಕ ತಮ್ಮ ಕಿತ್ತಾಡಿದ್ದೇ ಕಿತ್ತಾಡಿದ್ದು. ಕೊನೆಗೊಂದು ಟ್ರೇ ಸರಿಯಾಗಿ ಬಂತು. ಅಮ್ಮನ ಕೈ ಸೀದಾ ಕನ್ನಡಕಕ್ಕೆ ಹೋಯಿತು. ಹಾಕಿಕೊಂಡಳು. ಮುಖ ಅರಳಿತು. ಎದುರಿಗೆ ನಾನು ಕೂತಿದ್ದೆ, ಕನ್ನಡಿಗೆ ಅಡ್ಡವಾಗಿ. ಊರವರೆಲ್ಲ ನನ್ನನ್ನು ಅಮ್ಮನ ಪಡಿಯಚ್ಚು ಅನ್ನುತ್ತಾರೆ. ಅಮ್ಮ ನನ್ನ ಮುಖ ನೋಡಿ, ಮೂಲೆಗೆ ಬಿದ್ದಿದ್ದ ಹಳೇ ಟ್ರೇಯನ್ನು ಎಳೆದು ನನ್ನ ತೊಡೆಯ ಮೇಲಿಟ್ಟಳು.

"ತಗೋ, ನಿಂದಿದು. ನೀನೂ ದಿನಾ ಉಡುಕ್ತಿದ್ದೆ, ಪಾಪ."

ಮಗಳಿಗೆ ಹೇಳಿದಳೋ, ಕನ್ನಡಿಯವಳಿಗೆ ಹೇಳಿದಳೋ? ಹೂಂ ಅಮ್ಮ, ಹುಡುಕ್ತಿದ್ದೆ ಅಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಆ ಸಂತೋಷ ಕೆಲವು ತಿಂಗಳು ಇತ್ತು. ಈಗ ಅಮ್ಮ ಏನನ್ನೂ ಹುಡುಕುವುದಿಲ್ಲ. ಕನ್ನಡಕ ಗುಳಿಯಲ್ಲೇ ಇರುತ್ತದೆ. ತೆಗೆದು ಅವಳ ಕಣ್ಣಿಗೆ ಹಾಕುವವಳು ನಾನು. ಎಲೆ ಮಡಚಿ ಬಾಯಿಗಿಡುವವಳೂ ನಾನೇ. ನಮ್ಮ ಮನೆಯಲ್ಲಿ ಈಗ ಒಂದು ಸಾಮಾನೂ ಕಳೆಯುವುದಿಲ್ಲ. ಹಾಗಾಗಲಿ ಅಂತಲೇ ಅಷ್ಟು ಒದ್ದಾಡಿದೆ, ಈಗ ತುಂಬಿದ ಆ ಟ್ರೇ ನೋಡಿದರೆ ನನಗೆ ಭಯವಾಗುತ್ತದೆ.

ಇವತ್ತು ಒಲೆ ಒರೆಸಿ ಅಮ್ಮನ ಹತ್ತಿರ ಹೋದೆ. ನನಗೇನು ಬುದ್ಧಿ ಬಂತೋ, ಕನ್ನಡಕವನ್ನು ಗುಳಿಯಿಂದ ತೆಗೆದು ವೇಲಿನೊಳಗೆ ಬಚ್ಚಿಟ್ಟುಕೊಂಡು ಎದುರಿಗೆ ಕೂತೆ. ಹುಡುಕಲಿ, ಬೈಯಲಿ, ಬಾಡಿಗೆಯವರು ಕದ್ದರು ಅಂತ ಕೂಗಾಡಲಿ. ಅಮ್ಮನ ಕೈ ಬಲಕ್ಕೆ ಬಂತು. ಖಾಲಿ ಗುಳಿಯೊಳಗೆ ಬೆರಳಾಡಿಸಿದಳು. ಆಮೇಲೆ ಕೈಯನ್ನು ಅಲ್ಲೇ ಬಿಟ್ಟು ನನ್ನನ್ನೇ ನೋಡುತ್ತ ಕೂತಳು.

"ಕೇಳಮ್ಮ," ಅಂದೆ. "ಕನ್ನಡಕ ಎಲ್ಲಿ ಅಂತ ಒಂದ್ಸಲ ಕೇಳು."